ಮಕ್ಕಳ ವರ್ಗದಲ್ಲಿ ಮಳೆ, ಚಳಿ, ಬೇಸಗೆ

(ಪುಣೆಯಲ್ಲಿ ಸಂಘದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ಸಭೆಯ ಮುಂದೆ ನಿಂತು ಮಾತಾಡುವ ರೂಢಿ ನಮಗಿಲ್ಲ. ದಿನವೆಲ್ಲ ಕೌಂಟರಿನ ಹಿಂದೆ ಕುಳಿತು, ಎದುರಿಗೆ ನಿಂತವರ ಹೆಸರು, ಖಾತೆಯ ಸಂಖ್ಯೆ, ರುಜು ಇವುಗಳನ್ನು ತಾಳೆ ನೋಡುವುದು ನಮ್ಮ ಕಸುಬು. ಬಿ.ಕಾಂ. ಓದಿದವರಿಗೆ ಶಿಕ್ಷಣಶಾಸ್ತ್ರದ ಗಂಧ ಎಲ್ಲಿಂದ ಬರಬೇಕು? ಆದರೂ ಸಂಘದ ಕಾರ್ಯದರ್ಶಿಗಳು, "ಮೂರು ವರುಷದಿಂದ ಭಾನುವಾರದ ಮಕ್ಕಳ ವರ್ಗ ನಡೆಸುತ್ತಿದ್ದೀರಿ, ಅದರ ವರದಿಯನ್ನು ಒಪ್ಪಿಸಲೇಬೇಕು" ಎಂದು ಪಟ್ಟು ಹಿಡಿದರು. ವರದಿಯೆಂದ ಮೇಲೆ ಅಂಕಿಗಳು ಬೇಕು. ಅಂಕಿಗಳನ್ನು ಹೇಳಲು ನಮಗೇನೂ ಸಂಕೋಚವಿಲ್ಲ. ಕೇಳಲು ತಮಗೆ ಆದೀತು.

ಮೊದಲನೆಯ ವರುಷ ಜೂನ್ ತಿಂಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ೧೯ ಹೆಸರುಗಳಿದ್ದವು. ದೀಪಾವಳಿಯ ರಜೆ ಕಳೆದು ಮತ್ತೆ ಬಾಗಿಲು ತೆರೆದಾಗ ಬಂದ ಮಕ್ಕಳು ೬. ಬ್ಯಾಂಕಿನಲ್ಲಿ ಎರಡು ವರುಷ ಖಾತೆದಾರನು ಯಾವ ವ್ಯವಹಾರವನ್ನೂ ಮಾಡದಿದ್ದರೆ ಆ ಖಾತೆಯನ್ನು ನಿಷ್ಕ್ರಿಯವೆಂದು ಬೇರೆ ಇಡುತ್ತೇವೆ. ನಮ್ಮ ವರ್ಗಕ್ಕೆ ಆ ದೆಸೆ ಬರಲು ಐದು ತಿಂಗಳೇ ಸಾಕಾದವು.

ಇಲ್ಲಿ 'ನಾವು' ಎಂದರೆ ಮೂವರು. ಬ್ಯಾಂಕಿನ ಗುಮಾಸ್ತರಾದ ನಾವು, ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಒಬ್ಬ ತರುಣ ಮಿತ್ರರು, ಮತ್ತು ತಮ್ಮ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಬಂದು ಕಲಿಸುವ ಒಬ್ಬ ಗೃಹಿಣಿಯರು. ಮೂವರಿಗೂ ಉತ್ಸಾಹವಿತ್ತು. ಆದರೆ ಕಲಿಸುವ ಬಗೆ ತಿಳಿದಿರಲಿಲ್ಲ. ನಾವು ಕಲಿತದ್ದು ಹೇಗೋ ಹಾಗೆಯೇ ಕಲಿಸಲು ಹೊರಟೆವು. ಕರಿಹಲಗೆಯ ಮೇಲೆ ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರಗಳನ್ನೂ ಸಾಲಾಗಿ ಬರೆದು, ವಾರಕ್ಕೆ ನಾಲ್ಕರಂತೆ ಹತ್ತು ಹತ್ತು ಸಲ ತಿದ್ದಿಸಿದೆವು. ಋ ಬಂದಿತು, ಙ ಬಂದಿತು, ಞ ಬಂದಿತು. ಒಬ್ಬ ಹುಡುಗಿ "ಈ ಅಕ್ಷರದಿಂದ ಯಾವ ಶಬ್ದ ಶುರು ಆಗ್ತದ್ರಿ?" ಎಂದು ಙ ತೋರಿಸಿ ಕೇಳಿದಳು. ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಈ ಮಕ್ಕಳ ತಲೆಯ ಮೇಲಿನ ಹೊರೆಯನ್ನಾದರೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿತ್ತು. ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದರ ಜೊತೆಗೆ ಹಿಂದಿ. ಮರಾಠಿಯಂತೂ ಓಣಿಯ ಮಾತು, ಆಟದ ಮಾತು. ೨೦೨೦ರಲ್ಲಿ ಮಹಾರಾಷ್ಟ್ರ ಸರಕಾರವು ಮಾಡಿದ ಕಾನೂನಿನಂತೆ ಶಾಲೆಯಲ್ಲಿ ಕಡ್ಡಾಯದ ವಿಷಯವೂ ಹೌದು, ಅದು ನ್ಯಾಯವೂ ಹೌದು. ಇಷ್ಟಾದ ಮೇಲೆ ವಾರದ ಒಂದೇ ರಜೆಯ ದಿನ ಬೆಳಿಗ್ಗೆ ಇನ್ನೊಂದು ಲಿಪಿಯನ್ನು ಹತ್ತು ಸಲ ತಿದ್ದೆಂದರೆ ಎಂಟು ವರುಷದ ಮಗು ಯಾಕೆ ಬಂದೀತು?

ಆದರೆ ಮಕ್ಕಳು ಬಿಟ್ಟುಹೋದದ್ದು ಬೇಸರದಿಂದ ಮಾತ್ರವೇ ಅಲ್ಲ. ಒಬ್ಬ ಹುಡುಗನ ಸಂಗತಿಯನ್ನು ಹೇಳಲೇಬೇಕು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಈ ವರದಿ ಸುಳ್ಳು ವರದಿಯಾಗುತ್ತದೆ. ಆಗಸ್ಟ್ ತಿಂಗಳ ಒಂದು ಭಾನುವಾರ, ಹೊರಗೆ ಜಿಟಿಜಿಟಿ ಹಿಡಿದಿತ್ತು. ಆಕಾಶದಿಂದ ಏನು ಬೀಳುತ್ತಿದೆಯೋ ಅದನ್ನು ಬರೆಯಿರಿ ಎಂದೆವು. ಆ ಹುಡುಗ ಎಲ್ಲರಿಗಿಂತ ಮೊದಲು, ಬಲು ದುಂಡಗೆ, 'ಮಳಿ' ಎಂದು ಬರೆದು ತಂದ. ನಾವು ಕೆಂಪು ಮಸಿಯಿಂದ ಗೀಟು ಹಾಕಿ, ಎಲ್ಲರ ಎದುರಿಗೆ, "ಮಳಿ ಅಲ್ಲ, ಮಳೆ" ಎಂದೆವು. "ನಮ್ಮ ಅವ್ವ ಮಳಿ ಅಂತಾಳ್ರಿ" ಎಂದ. "ಹಾಗಾದರೆ ಅವ್ವನಿಗೂ ಹೇಳು" ಎಂದು ನಕ್ಕೆವು. ಮಕ್ಕಳೂ ನಕ್ಕರು. ಮುಂದಿನ ಭಾನುವಾರ ಅವನು ಬರಲಿಲ್ಲ; ಅದರ ಮುಂದಿನ ಭಾನುವಾರವೂ ಇಲ್ಲ. ಗಣೇಶ ಚೌತಿಯ ಹೊತ್ತಿಗೆ ಮನೆಗೆ ಹೋಗಿ ವಿಚಾರಿಸಿದಾಗ ಆ ತಾಯಿ ಚಹಾ ಕೊಟ್ಟು, ತಲೆ ತಗ್ಗಿಸಿ, "ನಿನ್ನ ಮಾತು ತಪ್ಪಂತ, ಇನ್ನ ನಿನ್ನ ಜೋಡಿ ಮರಾಠೀನ ಮಾತಾಡ್ತೀನಿ ಅಂತಾನ್ರಿ" ಎಂದರು. ಕನ್ನಡ ಕಲಿಸಲು ಕುಳಿತ ನಾವು ಒಂದು ಮನೆಯೊಳಗೆ ನಡೆದಿದ್ದ ಕನ್ನಡವನ್ನು ನಿಲ್ಲಿಸಿ ಬಂದಿದ್ದೆವು. ಆ ಕುಟುಂಬ ಮರುವರುಷ ನಾಸಿಕಕ್ಕೆ ವರ್ಗವಾಗಿ ಹೋಯಿತು. ಆ ಹುಡುಗನ ವಹಿ ನಮ್ಮ ಕಪಾಟಿನಲ್ಲಿಯೇ ಉಳಿದಿದೆ.

ನಮ್ಮ ಕಣ್ಣು ತೆರೆಸಿದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯರು. ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರುಷ ಕಲಿಸಿ, ಮಗನ ಮನೆಗೆಂದು ಪುಣೆಗೆ ಬಂದಿದ್ದರು. ಆ ಚಳಿಗಾಲ ಉಳಿದ ಆರು ಮಕ್ಕಳ ನಡುವೆ ಒಂದು ಮೂಲೆಯಲ್ಲಿ ಕುಳಿತು ಎರಡು ಭಾನುವಾರ ಮಾತಿಲ್ಲದೆ ನೋಡಿದರು. ಮೂರನೆಯ ವಾರ, "ಅಕ್ಷರಾನ ಸಾಲಾಗಿ ಯಾಕ ನಿಲ್ಲಸ್ತೀರಿ? ಕವಾಯತು ಮಾಡಸ್ತೀರೇನು?" ಎಂದರು. ಅಕ್ಕೋರು ಹಾಕಿಕೊಟ್ಟ ದಾರಿಯನ್ನೇ ನಾವು ಇಂದಿಗೂ ಹಿಡಿದಿದ್ದೇವೆ.

ತಮ್ಮಲ್ಲಿ ಕೆಲವರಿಗಾದರೂ 'ನಲಿ-ಕಲಿ'ಯ ಹೆಸರು ಗೊತ್ತಿರಬಹುದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ೧೯೯೫ರಲ್ಲಿ ಯುನಿಸೆಫ್ ನೆರವಿನಿಂದ ಅದು ಮೊದಲಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಕಾರ್ಡುಗಳನ್ನೂ ಆಟಗಳನ್ನೂ ತಾವೇ ಕಟ್ಟಿದರು. ೨೦೦೯-೧೦ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಅದು ಹಬ್ಬಿತು. ಅದರಲ್ಲಿ ಅಕ್ಷರಗಳು ಅ ಆ ಇ ಈ ಎಂದು ಮೊದಲಾಗುವುದಿಲ್ಲ. ರ, ಗ, ಸ, ದ, ಅ ಎಂದು ಮೊದಲಾಗುತ್ತವೆ. ಇವು ಬರೆಯಲು ಸುಲಭ. ರ ದಲ್ಲಿ ಪಳಗಿದ ಕೈ ದ ಕ್ಕೂ ಸ ಕ್ಕೂ ತಾನಾಗಿ ಹೊರಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಐದೇ ಅಕ್ಷರ ಕಲಿತ ಮಗು ಮರುಗಳಿಗೆಯಲ್ಲಿಯೇ ಶಬ್ದ ಓದುತ್ತದೆ. ಸರ, ರಸ, ಅರಸ, ಅಗಸ, ಗರಗಸ, ದಸರ! ಬೇಕಾದರೆ ತಾವು ಕುಳಿತಲ್ಲಿಯೇ ಇನ್ನೂ ನಾಲ್ಕು ಕಟ್ಟಿ ನೋಡಿರಿ. ಮುಂದಿನ ಐದು ಜ, ವ, ಮ, ಬ, ನ. ಅಲ್ಲಿಗೆ ಮರ, ವನ, ಮಗ, ಜನ, ಬಸವ, ಅವಸರ ಎಲ್ಲವೂ ಕೈಗೆ ಬಂದವು. ಐದು ರೂಪಾಯಿ ಇಟ್ಟ ದಿನವೇ ಬಡ್ಡಿ ಕೊಡುವ ಇಂಥ ಠೇವಣಿ ನಮ್ಮ ಬ್ಯಾಂಕಿನಲ್ಲಿಯೂ ಇಲ್ಲ.

ಇದು ಅಕ್ಷರದ ಮಾತಾಯಿತು. ಶಬ್ದಕ್ಕೆ ವಸ್ತು ಬೇಕಲ್ಲ? ಅಕ್ಕೋರು, "ಹೊರಗ ಏನು ನಡದೈತಿ ಅದನ್ನ ಒಳಗ ತರ್ರಿ, ಸಾಕು" ಎಂದರು. ಹೀಗೆ ಎರಡನೆಯ ವರುಷದಿಂದ ನಮ್ಮ ಪಾಠದ ಪಟ್ಟಿಯನ್ನು ಪಂಚಾಂಗ ನೋಡಿ ಹಾಕತೊಡಗಿದೆವು.

ಇದೇನೂ ಹೊಸ ಮಾತಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗಗಳನ್ನು ಮಾಡಿದ್ದುಂಟು. ನಾವು ಬಾಳುವೆ ಮಾಡುತ್ತಿರುವ ಈ ಮಹಾರಾಷ್ಟ್ರದಲ್ಲಿಯೇ ತಾರಾಬಾಯಿ ಮೋಡಕರು ೧೯೪೫ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಶಾಲೆ ತೆರೆದರು. ಅನುತಾಯಿ ವಾಘರು ಅವರ ಜೊತೆಗೂಡಿದರು; ಮುಂದೆ ಆ ಕೆಲಸ ಕೋಸಬಾಡದ ಗುಡ್ಡಕ್ಕೆ ಹೋಯಿತು. ಬೆಲೆಯುಳ್ಳ ಸಾಮಾನುಗಳಿಗೆ ಬದಲು ಕಲ್ಲುಹರಳು, ಬೀಜ, ಎಲೆ, ಚಿಪ್ಪುಗಳನ್ನಿಟ್ಟು ಅವರು ಎಣಿಕೆ ಕಲಿಸಿದರು. ನಾವು ಅಂಥವರ ಹೆಸರು ಹೇಳುವುದಕ್ಕೂ ಅರ್ಹರಲ್ಲ. ಆದರೂ ಮಕ್ಕಳು ಆಯ್ದು ತಂದ ಗುಲಮೊಹರಿನ ಕಾಯಿ ಅಲುಗಾಡಿಸಿ ಬೀಜದ ಸದ್ದು ಕೇಳುವಾಗ ಅವರ ನೆನಪಾಗುತ್ತದೆ.

ಮಳೆಗಾಲದಿಂದ ಹೇಳೋಣ. ಜೂನ್ ಮಧ್ಯಕ್ಕೆ ಇಲ್ಲಿಯ ಶಾಲೆಗಳು ತೆರೆಯುತ್ತವೆ, ಅದೇ ಹೊತ್ತಿಗೆ ಮಳೆಯೂ ಬರುತ್ತದೆ. ಸಂಘದ ಮಹಡಿಯ ಮೇಲೆ ಒಂದು ಬಿಸ್ಕೀಟಿನ ಡಬ್ಬಿ ಇಟ್ಟೆವು. ಒಳಗೆ ಅಂಟಿಸಿದ್ದು ಒಂದು ಮಾಪಕಪಟ್ಟಿ. ಡಬ್ಬಿಯ ಗೋಡೆ ನೆಟ್ಟಗಿರಬೇಕೆಂಬುದೊಂದೇ ನಿಯಮ. ಅಗಲವಾದ ಡಬ್ಬಿಯಾಗಲಿ, ಕಿರಿದಾದುದಾಗಲಿ, ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆಂದು ಹೇಳಿದರೆ ಮಕ್ಕಳು ನಂಬಲಿಲ್ಲ. ಎರಡನ್ನೂ ಇಟ್ಟು ತೋರಿಸಬೇಕಾಯಿತು. ಮನೆಯಲ್ಲಿಯೂ ದಿನಾಲು ಅಳೆದು ಬರೆದಿಡಿರೆಂದೆವು. ಒಂದು ಭಾನುವಾರ ಎಲ್ಲರ ವಹಿಯಲ್ಲಿಯೂ ಹನ್ನೆರಡರ ಆಸುಪಾಸು ಇದ್ದರೆ, ಒಬ್ಬನ ವಹಿಯಲ್ಲಿ ಮಾತ್ರ ಇಪ್ಪತ್ತೆರಡು! ಲೆಕ್ಕ ತಾಳೆಯಾಗದಿದ್ದರೆ ನಮಗೆ ಊಟ ರುಚಿಸುವುದಿಲ್ಲವಷ್ಟೆ. ಮಕ್ಕಳೇ ಶೋಧಿಸಿದರು: ಅವನು ಇಟ್ಟದ್ದು ಸ್ನಾನದ ಬಕೀಟು, ಬಾಯಿ ಅಗಲ, ತಳ ಕಿರಿದು. ಅಗಲ ಬಾಯಿಯಲ್ಲಿ ಬಿದ್ದ ನೀರು ಕಿರಿದಾದ ತಳದಲ್ಲಿ ಮೇಲೇರಿ ನಿಂತಿತ್ತು. ಆ ದಿನ 'ಅಗಲ', 'ಕಿರಿದು', 'ತಳ', 'ಬಾಯಿ', 'ಏರು' ಎಂಬ ಮಾತುಗಳನ್ನು ನಾವು ಕಲಿಸಲಿಲ್ಲ. ಜಗಳಾಡುವುದಕ್ಕೆ ಅವರಿಗೆ ಬೇಕಾಗಿದ್ದವು, ಕೇಳಿ ಇಸಿದುಕೊಂಡರು.

ಅಂಕಿಗಳಿಂದ ಭೂಗೋಲವೂ ಬಂದಿತು. ಪುಣೆ ಶಹರದಲ್ಲಿ ವರುಷಕ್ಕೆ ಏಳುನೂರು ಮಿಲಿಮೀಟರಿನ ಸುಮಾರಿಗೆ ಮಳೆ. ಅರವತ್ತೈದು ಕಿಲೋಮೀಟರಿನ ಆಚೆ ಘಟ್ಟದ ಮೇಲಿರುವ ಲೋಣಾವಳದಲ್ಲಿ ನಾಲ್ಕು ಸಾವಿರಕ್ಕೂ ಮೇಲೆ. ನಮ್ಮ ಆಗುಂಬೆಯಲ್ಲಿ ಏಳು ಸಾವಿರಕ್ಕೂ ಮೇಲೆ. ವಿಜಯಪುರದಲ್ಲಿ ಆರುನೂರರ ಆಸುಪಾಸು. ಗೋಡೆಯ ಮೇಲೆ ಕಾಗದದ ಪಟ್ಟಿಗಳನ್ನು ಇಳಿಬಿಟ್ಟಾಗ ಆಗುಂಬೆಯ ಪಟ್ಟಿ ಮೇಲಿನಿಂದ ನೆಲ ಮುಟ್ಟಿ ಮಡಚಿಕೊಂಡಿತು. ಮಲೆನಾಡಿನ ಕಡೆಯ ಒಬ್ಬ ಪೋರ ಅದನ್ನು ತನ್ನ ಸ್ವಂತದ ಆಸ್ತಿಯೆಂಬಂತೆ ಕಾಯುತ್ತಿದ್ದ.

ಇನ್ನು ಮಳೆಯ ಹೆಸರುಗಳು. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಕಾಲವನ್ನು ಹಿಡಿದು ರೈತರು ಮಳೆಯನ್ನು ಕರೆಯುತ್ತಾರೆ. ೩೬೫ ದಿನಗಳನ್ನು ೨೭ ನಕ್ಷತ್ರಗಳಿಗೆ ಹಂಚಿದರೆ ಒಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಭಾಗಾಕಾರ ಕಲಿತ ದೊಡ್ಡ ಮಕ್ಕಳು ಅದನ್ನು ತಾವೇ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಜೂನ್ ಏಳೆಂಟರ ಮೃಗಶಿರದಿಂದ ಅಕ್ಟೋಬರ ಕೊನೆಯ ಸ್ವಾತಿಯವರೆಗೆ ನಮ್ಮ ಹಾಜರಿ ಪುಸ್ತಕದ ತಲೆಯ ಮೇಲೆ ತಾರೀಖಿನ ಜೊತೆಗೆ ಆಯಾ ಮಳೆಯ ಹೆಸರೂ ಇರುತ್ತದೆ. ಸಂಘದ ಲೆಕ್ಕಪರಿಶೋಧಕರು ಇದನ್ನು ಆಕ್ಷೇಪಿಸಲಾರರೆಂದು ನಂಬಿದ್ದೇವೆ.

ಮಳಿ-ಮಳೆಯ ತಂಟೆ ಏನಾಯಿತೆಂದು ತಾವು ಕೇಳಬಹುದು. ಒಂದು ದಪ್ಪ ವಹಿಯನ್ನು ಹೊಲಿಸಿ, ಅದಕ್ಕೆ 'ಮನೆಮಾತಿನ ವಹಿ' ಎಂದು ಹೆಸರಿಟ್ಟೆವು. ಒಂದು ಪುಟಕ್ಕೆ ಒಂದು ವಸ್ತು. ಮಳೆಯ ಪುಟದಲ್ಲಿ ಮಳಿ ಇದೆ, ಮಳೆ ಇದೆ. ತುಳುವರ ಮನೆಯ ಹುಡುಗಿ ಬರ್ಸ ಎಂದು ಬರೆಸಿದಳು. ಕೊಂಕಣಿ ಮನೆಯ ಹುಡುಗ ಪಾವ್ಸು ಎಂದು ಬರೆಸಿದಾಗ ಉಳಿದವರು ಮರಾಠಿಯ ಪಾಊಸ ಎಂದು ಕೂಗಿ ಅದನ್ನೂ ಸೇರಿಸಿದರು. ಶೇಂಗಾ, ಕಡಲೇಕಾಯಿ, ನೆಲಗಡಲೆ ಮೂರೂ ಒಂದೇ ಎಂದು ತಿಳಿದ ದಿನ ನಡೆದ ಗದ್ದಲ ಹೇಳತೀರದು. ಪುಸ್ತಕದಲ್ಲಿ 'ಮಳೆ' ಎಂದು ಅಚ್ಚು ಹಾಕುತ್ತಾರೆ, ಓದುವಾಗ ಹಾಗೆ ಓದಿರಿ. ಮನೆಯಲ್ಲಿ ಅವ್ವ ಅನ್ನುವುದು ಅವ್ವನ ಮಾತು ಎಂದು ಹೇಳಿ ಬಿಡುತ್ತೇವೆ. ಹೀಗೆ ಮಾಡಿದರೆ ಭಾಷೆಯ ಶುದ್ಧಿ ಕೆಡುತ್ತದೆಂದು ಹಿರಿಯರೊಬ್ಬರು ನಮ್ಮನ್ನು ಎಚ್ಚರಿಸಿದ್ದಾರೆ. ಶುದ್ಧಿಯನ್ನು ಕಾಯಲು ಹೋಗಿ ನಾವು ಪಟ್ಟದ್ದನ್ನು ಆಗಲೇ ಅರಿಕೆ ಮಾಡಿಕೊಂಡಿದ್ದೇವೆ.

ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಉತ್ತರ ಕರ್ನಾಟಕದಲ್ಲಿ ಮನೆಮನೆಗೂ ಎರೆಮಣ್ಣಿನ ಜೋಡೆತ್ತು, ಅವಕ್ಕೊಂದು ಗೋದಲಿ. ಸಾಂಗಲಿ, ಕೊಲ್ಹಾಪುರಗಳ ಕಡೆಯವರು ಕಾರಹುಣ್ಣಿಮೆಯ ಹಬ್ಬಕ್ಕೆ 'ಕರ್ನಾಟಕೀ ಬೇಂದೂರ' ಎನ್ನುವುದನ್ನು ನಮ್ಮ ಮರಾಠಿ ನೆರೆಯವರೇ ಹೇಳಿದರು. ಸಸಿ ಮಾರುವವನಿಂದ ಎರಡು ಚೀಲ ಮಣ್ಣು ತಂದು, ಹಾಸಿಗೆ ಹಾಕಿ ಕೂಡ್ರಿಸಿದೆವು. ಎತ್ತಿನ ಕೊಂಬು, ಇಣಿ, ಗೊರಸು, ಬಾಲ. ಇಣಿ ಎಂದರೆ ಹೆಗಲ ಮೇಲಿನ ಡುಬ್ಬ ಎಂದು ನಮ್ಮ ಕಂಪ್ಯೂಟರ್ ಮಿತ್ರರಿಗೂ ಅಂದೇ ತಿಳಿಯಿತು. 'ಬಸವ' ಎಂದು ಕೆಳಗೆ ಬರೆದಿಡಬೇಕಾದರೆ ಬ, ವ ಬೇಕು. ನಾವಿನ್ನೂ ಎರಡನೆಯ ಗುಂಪಿಗೆ ಬಂದಿರಲಿಲ್ಲ. ಅವೆರಡನ್ನು ಮುಂಗಡವಾಗಿ ಕೊಟ್ಟೆವು. ಮಕ್ಕಳು ಈ ಸಾಲವನ್ನು ತೀರಿಸಿದ ವೇಗ ನೋಡಿದರೆ ನಮ್ಮ ಶಾಖೆಯ ಸಾಲ ವಿಭಾಗದವರು ಕಣ್ಣಲ್ಲಿ ನೀರು ತಂದಾರು.

ಶ್ರಾವಣದಲ್ಲಿ ನಾಗರಪಂಚಮಿಯ ಜೋಕಾಲಿ, ಅಳ್ಳು, ಉಂಡಿ. ಕರಾವಳಿಯ ತಾಯಿಯೊಬ್ಬರು ಕೆಸುವಿನ ಎಲೆಯ ಪತ್ರೊಡೆ ಮಾಡಿ ತಂದಾಗ ಮರಾಠಿ ಬಲ್ಲ ಮಕ್ಕಳು 'ಅಳೂವಡಿ' ಎಂದು ಗುರುತು ಹಿಡಿದರು. ಇವನ್ನೆಲ್ಲ ಬಿಡಿಸಿ ಹೇಳಿದರೆ ತಮ್ಮ ಊಟದ ಹೊತ್ತು ಕೆಡುತ್ತದೆ.

ದಸರೆಯದನ್ನು ಮಾತ್ರ ಹೇಳಬೇಕು. ಘಟಸ್ಥಾಪನೆಗೆ ಮನೆಗಳಲ್ಲಿ ಮಣ್ಣಿನಲ್ಲಿ ಕಾಳು ಹಾಕುತ್ತಾರಷ್ಟೆ. ನಾವು ಎರಡು ಕುಂಡ ಹಾಕಿಸಿದೆವು. ಒಂದು ಬೆಳಕಿನಲ್ಲಿ, ಇನ್ನೊಂದು ಡಬ್ಬಿಯ ಕೆಳಗೆ ಕತ್ತಲೆಯಲ್ಲಿ. ಯಾವುದು ಉದ್ದ ಬೆಳೆಯುತ್ತದೆಂದು ಮೊದಲೇ ಕೇಳಿದಾಗ ಎಲ್ಲರೂ ಬೆಳಕಿನದೆಂದರು. ಒಂಬತ್ತನೆಯ ದಿನ ತೆರೆದರೆ ಕತ್ತಲೆಯದೇ ಉದ್ದ! ಆದರೆ ಹಳದಿ ಬಣ್ಣ, ನಿಲ್ಲಲು ಕಸುವಿಲ್ಲದೆ ವಾಲಿತ್ತು. ಬೆಳಕು ಹುಡುಕುತ್ತ ಸಸಿ ತನ್ನ ಬೀಜದ ಸತ್ವವನ್ನೆಲ್ಲ ಉದ್ದಕ್ಕೇ ಹಾಕಿಬಿಡುತ್ತದೆಂಬುದನ್ನು ಆರು ವರುಷದ ಮಗುವಿಗೂ ಕಣ್ಣಿನಿಂದಲೇ ತಿಳಿಸಬಹುದು. ವಿಜಯದಶಮಿಯಂದು ಬಂಗಾರ ಹಂಚುವ ಸಂಭ್ರಮ. ಇಲ್ಲಿ ಕೊಡುವುದು ಜೋಡಿ ಹಾಳೆಯ ಆಪಟೆಯ ಎಲೆ. ನಮ್ಮ ಕಡೆ ಬನ್ನಿಯ ಸಣ್ಣ ಎಲೆ. ಊರಿನಿಂದ ಬಂದವರ ಕೈಯಲ್ಲಿ ಒಂದು ಹಿಡಿ ಬನ್ನಿ ತರಿಸಿ, ಎರಡನ್ನೂ ಕಾಗದದ ಮೇಲೆ ಅಂಟಿಸಿದೆವು. ಕೆಳಗೆ ದೊಡ್ಡದಾಗಿ, ಐದೇ ಅಕ್ಷರ ಬಲ್ಲ ಚಿಕ್ಕವರೂ ಬರೆದರು: ದಸರ. ದೀರ್ಘ ಎಳೆಯಬೇಕಲ್ಲವೇ ಎಂದು ಒಬ್ಬ ತಂದೆಯವರು ಕೇಳಿದರು. ಎಳೆಯೋಣ, ಮುಂದಿನ ದಸರೆಗೆ.

ಚಳಿಗಾಲದಲ್ಲಿ ಒಂದು ದಿನ ಪುಣೆಯ ಹೊರಗೆ ಹೊಲಕ್ಕೆ ಕರೆದೊಯ್ದೆವು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿ ತಿನ್ನುವುದಕ್ಕೆ ಇಲ್ಲಿ ಹುರ್ಡಾ ಎನ್ನುತ್ತಾರೆ, ನಮ್ಮಲ್ಲಿ ಸೀತನಿ. ಮನೆಮಾತಿನ ವಹಿಯಲ್ಲಿ ಆ ಪುಟಕ್ಕೆ ಮಸಿ ಹತ್ತಿದೆ, ಬೂದಿಯೂ ಹತ್ತಿದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡಲು ಹೋಗಿ ಕೆಟ್ಟೆವು. ಪಾಕ ಹದಕ್ಕೆ ಬರಲಿಲ್ಲ, ಮುಳ್ಳು ಏಳಲಿಲ್ಲ, ಅಂಗಡಿಯಿಂದ ತಂದೆವು.

ಬೇಸಗೆಯಲ್ಲಿ ನೆರಳು ಅಳೆಯುವುದು. ಮಹಡಿಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳಿನ ತುದಿಗೆ ಸುಣ್ಣದ ಗುರುತು. ಚಿಕ್ಕದಾದ ನೆರಳು ಗಡಿಯಾರದ ಹನ್ನೆರಡಕ್ಕೆ ಬೀಳುವುದಿಲ್ಲ, ಸುಮಾರು ಹನ್ನೆರಡೂವರೆಗೆ ಬೀಳುತ್ತದೆ. ನಮ್ಮೆಲ್ಲರ ಗಡಿಯಾರ ಪೂರ್ವದ ರೇಖೆಯೊಂದಕ್ಕೆ ಹೊಂದಿಸಿದ್ದು, ಪುಣೆ ಅದಕ್ಕಿಂತ ಪಶ್ಚಿಮಕ್ಕಿದೆ. ಡಿಸೆಂಬರಿನಿಂದ ಪ್ರತಿ ತಿಂಗಳೂ ನೆರಳು ಕುಗ್ಗುತ್ತ ಬಂದು, ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ಒಂದು ದಿನ ನಡುಹಗಲಲ್ಲಿ ಇಲ್ಲವೇ ಇಲ್ಲ! ಬೆಂಗಳೂರಿಗೆ ಆ ದಿನ ಏಪ್ರಿಲ್ ಕೊನೆಯ ವಾರದಲ್ಲಿಯೇ ಬರುತ್ತದೆ. ಆಗ ಮಕ್ಕಳು ಊರೂರಿಗೆ ಹೋಗಿರುತ್ತಾರೆ. ಹೋದಲ್ಲಿಂದ ಕೋಲು ನೆಟ್ಟು, ಫೋನಿನಲ್ಲಿ ಚಿತ್ರ ತೆಗೆದು ಕಳಿಸಿದರು. ಬೆಂಗಳೂರಿನ ನೆರಳು ಮೊದಲು ಮಾಯ, ಬಳ್ಳಾರಿಯದು ಆಮೇಲೆ, ಕೊನೆಗೆ ನಮ್ಮದು. ನಕ್ಷೆಯ ಮೇಲೆ ಸೂರ್ಯ ಬಡಗಣಕ್ಕೆ ನಡೆದುಬರುವುದನ್ನು ಹೀಗೆ ನೋಡಿದ್ದು ನಮ್ಮ ಆಯುಷ್ಯದಲ್ಲಿಯೂ ಮೊದಲನೆಯ ಸಲ.

ಈಗ ಅಂಕಿಗಳಿಗೆ ಮರಳೋಣ. ಎರಡನೆಯ ವರುಷ ಆರಂಭಕ್ಕೆ ೧೧ ಮಕ್ಕಳು, ಕೊನೆಗೆ ೧೪. ಈ ವರುಷ ೨೩, ಈ ದಿನದವರೆಗೆ ೨೨. ಒಬ್ಬಳು ಬಿಟ್ಟದ್ದು ಈಜಿನ ತರಬೇತಿಗಾಗಿ. ಅದಕ್ಕೆ ನಮ್ಮ ತಕರಾರಿಲ್ಲ.

ತಂದೆತಾಯಿಗಳ ತಕರಾರುಗಳು ಬೇರೆ. "ಪರೀಕ್ಷೆ ಯಾವಾಗ? ಪ್ರಮಾಣಪತ್ರ ಕೊಡುತ್ತೀರಾ?" ಎಂದು ಕೇಳುತ್ತಾರೆ. ಕೊಡುವುದಿಲ್ಲ. "ರಾಜ್ಯೋತ್ಸವಕ್ಕೆ ಮಕ್ಕಳಿಂದ ಒಂದು ನೃತ್ಯ ಮಾಡಿಸಿರಿ" ಎಂದು ಕಾರ್ಯಕಾರಿ ಸಮಿತಿಯವರೂ ಕೇಳಿದರು. ಬಣ್ಣದ ಉಡುಪು ಉಟ್ಟು ಧ್ವನಿಮುದ್ರಿಕೆಗೆ ತುಟಿ ಅಲ್ಲಾಡಿಸುವುದಕ್ಕೆ ಆರು ಭಾನುವಾರ ಬೇಕು. ಆ ಆರು ಭಾನುವಾರಗಳಲ್ಲಿ ಹಸ್ತ, ಚಿತ್ತೆ, ಸ್ವಾತಿ ಮೂರೂ ಮಳೆಗಳು ಹೋಗಿಬಿಡುತ್ತವೆ. ಆದುದರಿಂದ ಕೈಮುಗಿದು ಒಲ್ಲೆವೆಂದೆವು. ಇಂದು ಹೊರಗಿನ ಗೋಡೆಯ ಮೇಲೆ ಮಳೆಯ ಪಟ್ಟಿಗಳಿವೆ, ಹೋಗುವಾಗ ನೋಡಿರಿ. ಇನ್ನೊಂದು ಮಾತು ಕಹಿಯಾದೀತು. ಇಂದಿನ ಶಾಲು-ಹಾರಗಳಿಗೆ ಸಂಘವು ಖರ್ಚು ಮಾಡಿದ ಹಣದಲ್ಲಿ ನಮ್ಮ ವರ್ಗದ ಮಣ್ಣು, ಡಬ್ಬಿ, ಕಾಗದ, ಸುಣ್ಣ ಎರಡು ವರುಷ ನಡೆಯುತ್ತಿತ್ತು. ಲೆಕ್ಕ ನಮ್ಮ ಬಳಿ ಇದೆ, ಕೇಳಿದರೆ ತೋರಿಸುತ್ತೇವೆ.

ನಾವು ಇಂದು ಕೇಳಿಕೊಳ್ಳುವುದು ಹೆಚ್ಚೇನಿಲ್ಲ. ಮಹಡಿಯ ಬೀಗದ ಕೈ ಒಂದು ನಮ್ಮ ಬಳಿ ಇರಲಿ. ಪ್ರತಿ ಸಲವೂ ಕಾವಲುಗಾರನನ್ನು ಹುಡುಕುವಷ್ಟರಲ್ಲಿ ನೆರಳು ಸರಿದುಹೋಗುತ್ತದೆ. ಮತ್ತು, ಊರಿನಿಂದ ತಮ್ಮ ಮನೆಗೆ ಬರುವ ಅಜ್ಜ-ಅಜ್ಜಿಯರನ್ನು ಒಂದು ಭಾನುವಾರ ಇಲ್ಲಿಗೆ ಕಳಿಸಿರಿ. ಯಾಕೆಂದು ಹೇಳಿ ಮುಗಿಸುತ್ತೇವೆ.

ನಮ್ಮ ವರ್ಗದಲ್ಲಿ ಎಂಟು ವರುಷದ ಒಬ್ಬ ಹುಡುಗಿ ಇದ್ದಾಳೆ. ಬಾಗಲಕೋಟೆಯ ಕಡೆಯ ಮನೆತನ. ಬಂದ ಹೊಸತರಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಹಳ್ಳಿಯಲ್ಲಿರುವ ಅಜ್ಜ ವಾರಕ್ಕೊಮ್ಮೆ ಫೋನು ಮಾಡಿದರೆ, ಮುಖ ತೋರಿಸಿ, ಕೈ ಬೀಸಿ, ಫೋನನ್ನು ತಂದೆಗೆ ಕೊಟ್ಟು ಓಡಿಬಿಡುತ್ತಿದ್ದಳಂತೆ. ಈ ಜುಲೈಯಲ್ಲಿ ಒಂದು ಸಂಜೆ ಅವಳು ತಾನಾಗಿ ಫೋನು ಇಸಿದುಕೊಂಡು, "ಅಜ್ಜಾ, ನಮ್ಮಲ್ಲಿ ಹನ್ನೆರಡ ಮಿಲಿಮೀಟರ ಮಳಿ ಬಂದೈತಿ. ನಿಮ್ಮಲ್ಲಿ ಎಷ್ಟು?" ಎಂದು ಕೇಳಿದಳೆಂದು ಅವಳ ತಂದೆ ಹೇಳಿದರು. ಅಜ್ಜ ತುಸು ಹೊತ್ತು ಸುಮ್ಮನಿದ್ದು, "ಮಿಲಿಮೀಟರ ನನಗೇನ ಗೊತ್ತವ್ವಾ. ಮಣ್ಣಾಗ ಬೆರಳ ಹಾಕಿ ನೋಡು, ಎಷ್ಟು ಆಳದ ತನಕ ಹಸಿ ಐತಿ? ಅದನ್ನ ಹೇಳು" ಎಂದರಂತೆ.

ಆ ಭಾನುವಾರ ಅವಳು ಬಂದವಳೇ ಚಪ್ಪಲಿ ಬಿಡದೆ ಮಹಡಿಗೆ ಓಡಿದಳು. ಅವಳ ಹಿಂದೆ ಉಳಿದವರೆಲ್ಲ. ನಾವು ಮೇಲೆ ಹೋಗಿ ನೋಡಿದಾಗ ಇಪ್ಪತ್ತು ಮಕ್ಕಳು ಕುಂಡಗಳ ಸುತ್ತ ಮೊಣಕಾಲೂರಿ ಕೂತು ಮಣ್ಣಿನಲ್ಲಿ ಬೆರಳು ಹುಗಿದಿದ್ದರು. ಡಬ್ಬಿಯ ಕಡೆಗೆ ಯಾರ ಲಕ್ಷ್ಯವೂ ಇರಲಿಲ್ಲ. ಅವಳು ಬೆರಳನ್ನು ಮೇಲೆತ್ತಿ, ಮಣ್ಣು ಹತ್ತಿದ ಜಾಗದವರೆಗೆ ಇನ್ನೊಂದು ಕೈಯಿಂದ ಹಿಡಿದುಕೊಂಡು, "ಎರಡು ಗೆಣ್ಣು ಹಸಿ ಐತ್ರಿ, ಎರಡ ಗೆಣ್ಣಿಗೆ ಏನಂತ ಬರೀಬೇಕು?" ಎಂದಳು. ಹಾಗೆಯೇ ಬರೆ ಎಂದೆವು. ಆ ದಿನದ ಪುಟದಲ್ಲಿ ಪುನರ್ವಸು ಮಳೆ, ಎರಡು ಗೆಣ್ಣು ಎಂದಿದೆ.